ವಿಷಯ: ನೀವು ಇಸ್ತ್ರಿ ಹಾಕಿ ಅಳಿಸಿದ ವೆಲ್ವೆಟ್ ಡ್ರೆಸ್ಸಿನ ಮಡಿಕೆ

ಗೆ,
ವ್ಯವಸ್ಥಾಪಕರು,
ಡ್ರೈಕ್ಲೀನಿಂಗ್ ಮತ್ತು ಹಳೆ ಬಟ್ಟೆ ದುರಸ್ತಿ ವಿಭಾಗ, ಮಂಗಳೂರು

ನಮಸ್ಕಾರ. ಆರು ಸಲ ಫೋನ್ ಮಾಡಿದೆ, ಎರಡು ಸಲ ಅಂಗಡಿಗೆ ಬಂದೆ. ಇನ್ನು ಬಾಯಲ್ಲಿ ಹೇಳಿ ಪ್ರಯೋಜನ ಇಲ್ಲ ಅಂತ ಬರೆಯುತ್ತಿದ್ದೇನೆ. ಸಿಟ್ಟು ಮಾಡದೆ ಬರೆಯಬೇಕು ಅಂತ ಕೂತಿದ್ದೇನೆ, ನೋಡೋಣ.

ಕಡು ಹಸಿರು ವೆಲ್ವೆಟ್ ಡ್ರೆಸ್, ಎಡ ಪಕ್ಕೆಯಲ್ಲಿ ಜಿಪ್. ನನ್ನ ಅಜ್ಜಿಯ ಅಕ್ಕ ಬೊಂಬಾಯಿಯಲ್ಲಿ ನರ್ಸ್ ಆಗಿದ್ದಾಗ ಹೊಲಿಸಿದ್ದು. ಆಮೇಲೆ ಅಜ್ಜಿ ಹಾಕಿದರು, ಅವರ ನಂತರ ಅಮ್ಮ. ಆಟಿ ತಿಂಗಳ ಮಳೆಗೆ ಬೂಸರು ಹಿಡಿಯುವ ಮೊದಲು ಕ್ಲೀನ್ ಮಾಡಿಸೋಣ, ಹಾಗೇ ಅದು ಯಾವ ಕಾಲದ್ದು, ಎಲ್ಲೆಲ್ಲಿ ಬಿಚ್ಚಿ ಹೊಲಿದಿದ್ದಾರೆ ಅಂತ ಬರೆಸಿಕೊಳ್ಳೋಣ ಅಂತ ನಿಮ್ಮಲ್ಲಿ ಕೊಟ್ಟೆ. ಬರೆದು ಕೊಡುವುದಕ್ಕೇ ಬೇರೆ 1,850 ರೂಪಾಯಿ ತಗೊಂಡಿರಿ. ವರದಿ ಬಂತು. ಒಂದೂವರೆ ಸಾಲು. '1970ರ ನಂತರದ್ದು, ಪಾಲಿಯೆಸ್ಟರ್ ವೆಲ್ವೆಟ್, ಆಲ್ಟರೇಷನ್ ಇಲ್ಲ.'

1970 ಹೇಗೆ ಅಂತ ಕೇಳಿದರೆ, ಜಿಪ್ ನೈಲಾನಿನದ್ದು ಅಂತೆ. ಜಿಪ್ ನೈಲಾನಿನದ್ದೇ, ನಾನೂ ನೋಡಿದ್ದೇನೆ. ಆದರೆ ಹಳೆ ಮನೆಗೆ ಹೊಸ ಬಾಗಿಲು ಇಟ್ಟರೆ ಮನೆಗೆ ಬಾಗಿಲಿನ ವಯಸ್ಸು ಬರುತ್ತದಾ? ಆ ಜಿಪ್ಪಿನ ಪಟ್ಟಿಯನ್ನು ಸ್ವಲ್ಪ ಎತ್ತಿ ನೋಡಿದ್ದರೆ ಸಾಕಿತ್ತು. ಕೆಳಗೆ ಒಂದೇ ಅಂತರದಲ್ಲಿ ಕೈಹೊಲಿಗೆಯ ಸಣ್ಣ ತೂತುಗಳಿವೆ, ಪಕ್ಕದಲ್ಲಿ ದುಂಡಗೆ ತುಕ್ಕಿನ ಕಲೆ. ಮೊದಲು ಅಲ್ಲಿ ಟಿಚ್ ಬಟನ್ ಇತ್ತು. ಕಂಕುಳಲ್ಲಿ ಎರಡು ತುಂಡು ಸೇರಿಸಿದ್ದಾರೆ, ಅದರ ನವಿರು, ಅಂದರೆ ವೆಲ್ವೆಟ್ಟಿನ ಮೇಲಿನ ಸಣ್ಣ ರೋಮ, ಮೇಲ್ಮುಖ, ಉಳಿದದ್ದೆಲ್ಲ ಕೆಳಮುಖ, ಹಾಗಾಗಿ ಬೆಳಕಿಗೆ ಹಿಡಿದರೆ ಆ ಜಾಗ ಬೇರೆಯೇ ಹಸಿರು ಕಾಣುತ್ತದೆ. ನಾಲ್ಕು ಹೆತ್ತ ಮೇಲೆ ಅಜ್ಜಿಗೆ ಬಿಗಿ ಆಗಿತ್ತು, ಅದಕ್ಕೆ. ಹಳೆ ಹೊಲಿಗೆಯ ಅಂಚನ್ನು ಜಿಗ್‌ಜಾಗ್ ಕತ್ತರಿಯಲ್ಲಿ ಕತ್ತರಿಸಿದ್ದಾರೆ, ಈ ತುಂಡುಗಳಿಗೆ ಮಾತ್ರ ಮೆಷಿನ್ನಿನ ಓವರ್‌ಲಾಕ್ ಹೊಲಿಗೆ. ಹೊಲಿದ ಕೈಗಳು ಎರಡು, ಕಾಲವೂ ಎರಡು. ಆಲ್ಟರೇಷನ್ ಇಲ್ಲ ಅಂತೆ!

ಪಾಲಿಯೆಸ್ಟರ್ ಕತೆ ಇನ್ನೂ ಚಂದ. ಒಳಗಿನ ಮಾರ್ಜಿನ್‌ನಿಂದ ಒಂದೇ ಒಂದು ಎಳೆ ಎಳೆದು ಸುಟ್ಟು ನೋಡಿದೆ. ಕಾಗದ ಸುಟ್ಟ ವಾಸನೆ, ಬೆರಳಲ್ಲಿ ಹುಡಿಯಾಗುವ ಬೂದಿ. ಪಾಲಿಯೆಸ್ಟರ್ ಆಗಿದ್ದರೆ ಕರಗಿ ಗಟ್ಟಿ ಕರಿ ಮಣಿ ಆಗಬೇಕಿತ್ತು. ಇದು ರೇಯಾನ್. ನಿಮ್ಮ ಎಕ್ಸ್‌ಪರ್ಟ್ ಹತ್ತಿರ ಬೆಂಕಿಪೆಟ್ಟಿಗೆ ಇರಲಿಲ್ಲವೋ ಏನೋ.

ಇಷ್ಟಾದರೂ ಸುಮ್ನೆ ಇರುತ್ತಿದ್ದೆ. ತಡೆಯಲಾಗದ್ದು ಕೆಳಗಿನ ಫೋಲ್ಡಿಂಗ್. ಅಮ್ಮನ ಕಾಲದಲ್ಲಿ ಡ್ರೆಸ್ಸನ್ನು ಮೊಣಕಾಲಿಗೆ ಗಿಡ್ಡ ಮಾಡಿದ್ದರು, ಆದರೆ ಬಟ್ಟೆ ಕತ್ತರಿಸದೆ ಒಳಗೆ ಮಡಚಿದ್ದರು. ಆ ಮಡಿಕೆಯೊಳಗೆ ಮೊದಲಿನ ಉದ್ದದ ಗೆರೆ ಇತ್ತು, ಹಳೆ ಹೆಮ್ಮಿಂಗಿನ ತೂತುಗಳಿದ್ದವು, ಬಿಸಿಲು ಕಾಣದ ಕಡು ಬಣ್ಣ ಇತ್ತು. ನಮ್ಮಲ್ಲಿ ಒಂದು ಫೋಟೋ ಇದೆ, ಹಿಂದೆ ಪೆನ್ಸಿಲಿನಲ್ಲಿ ಕ್ರಿಸ್ಮಸ್ 1948 ಅಂತ ಬರೆದಿದ್ದಾರೆ, ಅದರಲ್ಲಿ ಡ್ರೆಸ್ ಮೀನಖಂಡದ ಕೆಳಗಿನವರೆಗೆ ಬರುತ್ತದೆ. 1947ರಲ್ಲಿ ಪ್ಯಾರಿಸ್‌ನ ಫ್ಯಾಷನ್ ಡಿಸೈನರ್ ಡಿಯೋರ್ ತಂದ ಉದ್ದ ಲಂಗದ ಹಾಗೆ. ಆ ಗೆರೆ ಫೋಟೋಗೆ ಸರಿಯಾಗಿ ಹೊಂದುತ್ತಿತ್ತು. ನೀವು ಮಡಿಕೆ ಬಿಚ್ಚಿ, ಮೇಲಿಂದಲೇ ಬಿಸಿ ಇಸ್ತ್ರಿ ಹಾಕಿ, ಗೆರೆಯ ಜತೆ ನವಿರನ್ನೂ ಮಲಗಿಸಿಬಿಟ್ಟಿರಿ. ಈಗ ಅಲ್ಲಿ ಎಣ್ಣೆ ಹಚ್ಚಿದ ಹಾಗೆ ಹೊಳಪು.  ಬಿಚ್ಚುವ ಮೊದಲು ಆ ಮಡಿಕೆಯ ಫೋಟೋ ತೆಗೆದಿದ್ದರೆ ಕಳಿಸಿ.

ಇನ್ನು ಕಳೆದ ಶನಿವಾರದ ವಿಷಯ. ಟೋಕನ್ ನಂಬರ್ 14. ನಲವತ್ತು ನಿಮಿಷ ನಿಂತೆ, ಇದ್ದ ಒಂದೇ ಕುರ್ಚಿಯ ಮೇಲೆ ಯಾರದೋ ಹೆಲ್ಮೆಟ್. ಕೌಂಟರಿನ ಹುಡುಗ ನನ್ನ ಡ್ರೆಸ್ ತಗೊಂಡು ಅವನ ಟಿಫಿನ್ ಬಾಕ್ಸ್ ಪಕ್ಕ ಇಟ್ಟ. ಮುಚ್ಚಳ ತೆರೆದೇ ಇತ್ತು, ಒಳಗೆ ನೀರುದೋಸೆ. ಸೂಪರ್‌ವೈಸರ್ ಬಂದರು. ಡ್ರೆಸ್ ಎತ್ತಿ ಮೂಸಿದರು. ಬಟ್ಟೆಯ ಕಾಲ ಮೂಸಿ ಹೇಳುವ ವಿದ್ಯೆ ಇದೆ ಅಂತ ನನಗೆ ಗೊತ್ತಿರಲಿಲ್ಲ.

'ಇದರಲ್ಲಿ ಎಂತ ಉಂಟು ಮೇಡಂ? ಗೆರೆ ಹೋದರೆ ಒಳ್ಳೆಯದೇ ಅಲ್ವಾ, ಇಸ್ತ್ರಿ ಹಾಕುವುದೇ ಗೆರೆ ಹೋಗಲಿಕ್ಕೆ.'

ಆ ಗೆರೆಯೇ ನನಗೆ ಬೇಕಿತ್ತು ಅಂದೆ.

'ಹಾಗಾದರೆ ಇನ್ನೊಂದು ಗೆರೆ ಹಾಕಿ ಕೊಡ್ತೇವೆ, ಎಲ್ಲಿ ಬೇಕು ಹೇಳಿ. ಚಾರ್ಜ್ ಇಲ್ಲ.'

ಹಿಂದೆ ಪಟ್ಟೆ ಸೀರೆ ಹಿಡಿದು ನಿಂತಿದ್ದವರು ನಕ್ಕರು. ಹುಡುಗನೂ ನಕ್ಕ, ಬಾಯಲ್ಲಿ ದೋಸೆ ಇಟ್ಟುಕೊಂಡೇ. ಆಗ ಸೂಪರ್‌ವೈಸರ್ ಅವರ ಕಡೆ ತಿರುಗಿ, 'ಕೆಲವರಿಗೆ ಹೊಸದು ತಗೊಳ್ಳಲಿಕ್ಕೆ ಮನಸ್ಸಿಲ್ಲ ಮಾರಾಯ್ರೆ' ಅಂದರು. ನನಗಲ್ಲ, ಅವರಿಗೆ. ನಾನು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ. ಐವತ್ತೆಂಟು ವರ್ಷದ ನಾನು ಆ ಡ್ರೆಸ್ಸನ್ನು ಮೀನಿನ ಚೀಲದ ಹಾಗೆ ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬಂದೆ. ಮಳೆ ಬೇರೆ.

1,850 ರೂಪಾಯಿ ವಾಪಸ್ ಬೇಕು. ಆ ವರದಿ ತಪ್ಪು ಅಂತ ಲಿಖಿತದಲ್ಲಿ ಬೇಕು. ನವಿರು ಏಳಿಸಲು ಪ್ರಯತ್ನ ಮಾಡುತ್ತೇವೆ ಅಂತ ಮಾತ್ರ ಹೇಳಬೇಡಿ, ನಿಮ್ಮ ಕೈಗೆ ಇನ್ನು ಅದನ್ನು ಕೊಡುವುದಿಲ್ಲ. ಹತ್ತು ದಿನ ಕಾಯುತ್ತೇನೆ. ಆಮೇಲೆ ಜಿಲ್ಲಾ ಗ್ರಾಹಕರ ಆಯೋಗ. 5 ಲಕ್ಷದವರೆಗೆ ಅಲ್ಲಿ ಫೀಸ್ ಇಲ್ಲ, ವಕೀಲರೂ ಬೇಕಾಗಿಲ್ಲ. ಬಿಲ್ಲಿನಲ್ಲಿ 'ಹಾನಿಗೆ ನಾವು ಜವಾಬ್ದಾರರಲ್ಲ' ಅಂತ ಸಣ್ಣ ಅಕ್ಷರದಲ್ಲಿ ಹಾಕಿದ್ದೀರಲ್ಲ, ಅದನ್ನೂ ಅಲ್ಲೇ ಓದಿಸೋಣ.

ಅಂದ ಹಾಗೆ ಟೋಕನ್ 14 ಇನ್ನೂ ನನ್ನ ಪರ್ಸಿನಲ್ಲೇ ಇದೆ. ಡಿಸೆಂಬರಿನ ಮದುವೆ ಸೀಸನ್‌ನಲ್ಲಿ, ನಿಮ್ಮ ಅಂಗಡಿ ತುಂಬಿದ ಹೊತ್ತು ನೋಡಿ, ಡ್ರೆಸ್ ಮತ್ತು 1948ರ ಫೋಟೋ ಎರಡನ್ನೂ ಹಿಡಿದುಕೊಂಡು ಬರುತ್ತೇನೆ. ಕುರ್ಚಿ ನಾನೇ ತರುತ್ತೇನೆ.

ಇತಿ,
ಟೋಕನ್ ನಂಬರ್ 14