ಪೆಟ್ಟಿಗೆಯ ಮೇಲಿನ ಮಾತು, ಒಳಗಿನ ಗೇರು: ಒಂದು ಮಸ್ಕಿ ರೀಲಿನ ಬಗ್ಗೆ ದೂರು

ಡುಲೂತ್, ಮಿನ್ನೆಸೋಟ
ನವೆಂಬರ್ 10, 2025

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ, ಬೆಂಗಳೂರು ಕಚೇರಿ

ವಿಷಯ: ಮೀನು ಹಿಡಿಯುವ ನಿಮ್ಮ ಬೇಟ್‌ಕಾಸ್ಟಿಂಗ್ ರೀಲ್ ಒಂದೇ ಋತುವಿನಲ್ಲಿ ಎರಡು ಬಾರಿ ಕೆಟ್ಟಿರುವುದು, ವಾರಂಟಿ ನಿರಾಕರಿಸಿರುವುದು, ಬಿಡಿಭಾಗ ಮಾರದಿರುವುದು

ಮಾನ್ಯರೇ,

ಮೀನು ಹಿಡಿಯುವ ಕೋಲಿಗೆ, ಅಂದರೆ ರಾಡಿಗೆ, ಕೂರಿಸಿ ದಾರ ಸುತ್ತುವ ಈ ರೀಲನ್ನು ನನಗೆ ಮಾರಿದ್ದು ನಿಮ್ಮ ಅಮೆರಿಕದ ಶಾಖೆ. ಆದರೆ ದೂರಿನ ಕರೆಗಳಿಗೆ ಉತ್ತರಿಸುವವರು ಬೆಂಗಳೂರಿನವರು ಎಂಬುದು ಮೂರನೆಯ ಕರೆಯಲ್ಲಿ ಗೊತ್ತಾಯಿತು. ಅಂದು ಮಾತನಾಡಿದ ನಿಮ್ಮ ಉದ್ಯೋಗಿ ‘ಮಸ್ಕಿ’ ಎಂಬ ಮೀನಿನ ಹೆಸರು ಕೇಳಿದೊಡನೆ, ಅಶೋಕನ ಶಾಸನವಿರುವ ರಾಯಚೂರು ಸೀಮೆಯ ಮಸ್ಕಿಯ ನೆನಪಾಯಿತು ಎಂದರು. ಅಲ್ಲಿಂದ ಮಾತು ಕನ್ನಡಕ್ಕೆ ಹೊರಳಿತು. ಅರ್ಧ ಗಂಟೆ ತಾಳ್ಮೆಯಿಂದ ಕೇಳಿಸಿಕೊಂಡು, ಎಲ್ಲವನ್ನೂ ವಿವರವಾಗಿ ಬರೆದು ಕಳುಹಿಸಿ, ಮೇಲಿನವರ ಮುಂದೆ ಇಡುತ್ತೇನೆ ಎಂದರು. ಇಂಗ್ಲಿಷಿನಲ್ಲಿ ಬರೆದ ಎರಡು ಪತ್ರಗಳಿಗೆ ಅಕ್ಷರವೂ ಬದಲಾಗದ ಒಂದೇ ಉತ್ತರ ಬಂದಿದೆ. ಆದ್ದರಿಂದ ಈ ಸಲ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆ ಹೆಣ್ಣುಮಗಳಿಗೆ ನನ್ನ ಕೃತಜ್ಞತೆ ತಿಳಿಸಿ. ಈ ದೂರು ಅವರ ಮೇಲಲ್ಲ.

ಇದೇ ವರ್ಷ ಮೇ 17ರಂದು 299 ಡಾಲರ್ ಕೊಟ್ಟು ನಿಮ್ಮ 400 ಅಳತೆಯ ರೀಲನ್ನು ಕೊಂಡೆ. ಪೆಟ್ಟಿಗೆಯ ಮೇಲೆ ಮೂರು ಸಂಗತಿಗಳನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿದ್ದೀರಿ: ಮಸ್ಕಿಗಾಗಿಯೇ ತಯಾರಿಸಿದ್ದು, ಗೇರ್ ಅನುಪಾತ 6.3:1 (ಹಿಡಿಯ ಒಂದು ಸುತ್ತಿಗೆ ದಾರದ ಉರುಳೆಯಾದ ಸ್ಪೂಲ್ 6.3 ಸುತ್ತು), ಗರಿಷ್ಠ ಡ್ರ್ಯಾಗ್ (ಮೀನು ಜಗ್ಗಿದಾಗಿನ ತಡೆ) 25 ಪೌಂಡ್. ಗೇರ್ ಯಾವ ಲೋಹದ್ದು ಎಂದು ಎಲ್ಲಿಯೂ ಇಲ್ಲ. ಅಂದು ಅದನ್ನು ಕೇಳದೆ ಕೊಂಡದ್ದು ನನ್ನ ತಪ್ಪು ಎಂದು ನೀವು ಹೇಳಬಹುದು. ಆದರೆ ಮಸ್ಕಿಗಾಗಿಯೇ ಮಾಡಿದ್ದೇವೆ ಎಂದು ಬರೆದವರು ಮಸ್ಕಿಗೆ ಏನು ಬೇಕೆಂದು ತಿಳಿದೇ ಬರೆದಿರುತ್ತಾರೆ ಎಂದು ನಾನು ನಂಬಿದ್ದೆ.

ಮಸ್ಕಿ ಎಂದರೆ ಮಸ್ಕೆಲಂಜ್, ಪೈಕ್ ಎಂಬ ಸಿಹಿನೀರಿನ ಮೀನುಗಳ ಜಾತಿಯಲ್ಲಿ ಎಲ್ಲಕ್ಕಿಂತ ದೊಡ್ಡದು. ಹೆಸರು ಬಂದದ್ದು ಇಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನರ ಮಾತಿನಿಂದ. ಪಕ್ಕದ ವಿಸ್ಕಾನ್ಸಿನ್ 1955ರಲ್ಲೇ ಇದನ್ನು ರಾಜ್ಯದ ಮೀನು ಎಂದು ಘೋಷಿಸಿಕೊಂಡಿದೆ. ಹತ್ತು ಸಾವಿರ ಎಸೆತಕ್ಕೆ ಒಂದು ಮಸ್ಕಿ ಎಂಬ ಮಾತು ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಲೆಕ್ಕ ಅಷ್ಟು ಕಠಿಣವಲ್ಲದಿದ್ದರೂ, ಮೂರು ದಿನ ಬೆಳಗಿನಿಂದ ಸಂಜೆಯವರೆಗೆ ಎಸೆದು ಒಂದನ್ನೂ ಕಾಣದೆ ಮನೆಗೆ ಮರಳುವುದು ಇಲ್ಲಿ ಯಾರಿಗೂ ಹೊಸದಲ್ಲ. ಮಿನ್ನೆಸೋಟದ ಬಹುತೇಕ ಸರೋವರಗಳಲ್ಲಿ 54 ಅಂಗುಲಕ್ಕಿಂತ ಚಿಕ್ಕ ಮಸ್ಕಿಯನ್ನು ಇಟ್ಟುಕೊಳ್ಳುವಂತಿಲ್ಲ. ಅದಕ್ಕಿಂತ ದೊಡ್ಡದನ್ನೂ ನಾವು ನೀರಿಗೇ ಬಿಡುತ್ತೇವೆ.

ನಿಮ್ಮ ತಾಂತ್ರಿಕ ವಿಭಾಗ ಗಮನಿಸಲೇಬೇಕಾದ ವಿಷಯ ಇಲ್ಲಿದೆ. ಮಸ್ಕಿ ರೀಲನ್ನು ಸವೆಸುವುದು ಮೀನು ಅಲ್ಲವೇ ಅಲ್ಲ, ಮೀನು ಸಿಗದ ದಿನಗಳು. ನಾವು ಎಸೆಯುವ ಲೂರ್, ಅಂದರೆ ಬೇಟೆಯಂತೆ ಕಾಣುವ ಕೃತಕ ಎರೆ, ಅಂಗೈ ಮೀರುವಷ್ಟು ಉದ್ದವಿರುತ್ತದೆ. ಇಲ್ಲಿ ಹೆಚ್ಚು ಬಳಸುವ ಬಕ್‌ಟೇಲ್ ಎಂಬ ಲೂರಿನಲ್ಲಿ 10ನೆಯ ಸಂಖ್ಯೆಯ ಎರಡು ಲೋಹದ ತಗಡುಗಳು ನೀರೊಳಗೆ ಗಿರಗಿರನೆ ತಿರುಗುತ್ತವೆ. ಅದನ್ನು ವೇಗವಾಗಿ ಎಳೆದುಕೊಳ್ಳುವುದು ತುಂಬಿದ ಕೊಡವನ್ನು ಬಾವಿಯಿಂದ ಸೇದಿದಂತೆಯೇ. ಹಿಡಿಯ ಒಂದು ಸುತ್ತಿಗೆ ಸುಮಾರು 30 ಅಂಗುಲ ದಾರ ಒಳಬರುತ್ತದೆ. 30 ಮೀಟರಿನ ಎಸೆತವನ್ನು ಸುತ್ತಿಕೊಳ್ಳಲು 40 ಸುತ್ತು ಬೇಕು. ದಿನಕ್ಕೆ 350 ಎಸೆತವೆಂದರೆ 14,000 ಸುತ್ತು, ಪ್ರತಿ ಸುತ್ತಿನಲ್ಲೂ ನೀರಿನ ಭಾರ ಗೇರಿನ ಹಲ್ಲಿನ ಮೇಲೆ. ಜೂನ್ 7ರಂದು ಮಸ್ಕಿ ಹಿಡಿಯುವ ಋತು ಆರಂಭವಾದಾಗಿನಿಂದ ಆಗಸ್ಟ್ 2ರವರೆಗೆ 19 ದಿನ ನಿಮ್ಮ ರೀಲನ್ನು ಬಳಸಿದೆ. ಎರಡೂವರೆ ಲಕ್ಷ ಸುತ್ತು ಮೀರಿತು ಎಂದಿಟ್ಟುಕೊಳ್ಳಿ. ಪೆಟ್ಟಿಗೆಯ ಮೇಲಿನ 25 ಪೌಂಡಿನ ಡ್ರ್ಯಾಗ್ ಈ ದುಡಿಮೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಮೀನು ಜಗ್ಗಿದಾಗ ಸ್ಪೂಲ್ ಎಷ್ಟು ಬಿಗಿಯಾಗಿ ತಡೆಯುತ್ತದೆ ಎಂಬುದಷ್ಟೇ ಅದರ ಅರ್ಥ. ಆ ಬಿಗಿಯನ್ನು ಹೊರುವ ಹಲ್ಲುಗಳು ಹಿತ್ತಾಳೆಯವೋ, ಅಲ್ಯೂಮಿನಿಯಮ್ಮಿನವೋ, ಇನ್ನೂ ಮೆದುವಾದ ಅಚ್ಚುಲೋಹದವೋ ಎಂಬುದರ ಮೇಲೆ ರೀಲಿನ ಆಯಸ್ಸು ನಿಂತಿದೆ.

ಜುಲೈ ಕೊನೆಯ ವಾರದಲ್ಲಿ ಹಿಡಿ ತಿರುಗಿಸುವಾಗ ಅನ್ನದಲ್ಲಿ ಕಲ್ಲು ಕಡಿದಂತೆ ಆಗತೊಡಗಿತು. ಮೊದಲು ಮರಳು ಸೇರಿರಬೇಕು ಎಂದುಕೊಂಡೆ. ಆಗಸ್ಟ್ 2ರ ರಾತ್ರಿ ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಪಕ್ಕದ ಮುಚ್ಚಳವನ್ನು ಬಿಚ್ಚಿದೆ. ಬೆಳ್ಳಗಿರಬೇಕಾದ ಗ್ರೀಸ್ ಕಾಡಿಗೆಯಂತೆ ಕಪ್ಪಾಗಿತ್ತು. ಬೆರಳ ತುದಿಯಲ್ಲಿ ಒಂದಿಷ್ಟು ತೆಗೆದು ದೀಪಕ್ಕೆ ಹಿಡಿದಾಗ ಲೋಹದ ಪುಡಿ ಮಿನುಗಿತು. ಬಟ್ಟೆಯಿಂದ ಗೇರನ್ನು ಒರೆಸಿ ಭೂತಗನ್ನಡಿಯಲ್ಲಿ ನೋಡಿದೆ. ಚಪ್ಪಟೆಯಾಗಿರಬೇಕಾದ ಹಲ್ಲಿನ ತುದಿಗಳು ಚಾಕುವಿನ ಬಾಯಿಯಂತೆ ಚೂಪಾಗಿದ್ದವು. ಮೂರು ಹಲ್ಲುಗಳು ಅರ್ಧಕ್ಕೆ ಮುರಿದಿದ್ದವು. ಅದರ ಜೊತೆ ಕೂಡುವ ಚಿಕ್ಕ ಗೇರ್, ಅಂದರೆ ಪಿನಿಯನ್, ಮಾತ್ರ ಹೊಸದರಂತೆ ಹೊಳೆಯುತ್ತಿತ್ತು. ಗಟ್ಟಿ ಲೋಹದ ಪಿನಿಯನ್ನಿಗೆ ಮೆತ್ತನೆಯ ದೊಡ್ಡ ಗೇರನ್ನು ಜೋಡಿಸಿದರೆ ಇದೇ ಆಗುವುದು. ತೂಕ ಇಳಿಸಲು ಹಾಗೆ ಮಾಡಿದ್ದೀರೋ ಬೆಲೆ ಇಳಿಸಲೋ ತಿಳಿಯದು. ದಿನವಿಡೀ ಕೈಯಲ್ಲಿ ಹಿಡಿಯುವ ವಸ್ತು ಹಗುರವಾಗಿರಲಿ ಎಂಬ ಆಸೆ ನನಗೂ ಇದೆ. ಆದರೆ ಅದಕ್ಕೆ ಗೇರಿನ ಹಲ್ಲು ಬೆಲೆ ತೆರಬಾರದು.

ಸಂಸ್ಥೆಗೆ ಕಳುಹಿಸಿದೆ. ಏಳು ವಾರಗಳ ನಂತರ ಸೆಪ್ಟೆಂಬರ್ 20ರಂದು ರೀಲ್ ಮರಳಿ ಬಂತು, ಅದೇ ಜಾತಿಯ ಹೊಸ ಗೇರ್ ಹಾಕಿಕೊಂಡು. ಇಲ್ಲಿ ನವೆಂಬರ್‌ನಲ್ಲಿ ಸರೋವರಗಳು ಹೆಪ್ಪುಗಟ್ಟತೊಡಗುತ್ತವೆ. ಏಳು ವಾರವೆಂದರೆ ಋತುವಿನ ಮೂರನೆಯ ಒಂದು ಭಾಗ.

ಸೆಪ್ಟೆಂಬರ್ 27ರ ಶನಿವಾರ ಡುಲೂತ್‌ನ ಉತ್ತರಕ್ಕಿರುವ ವರ್ಮಿಲಿಯನ್ ಸರೋವರಕ್ಕೆ ಗೆಳೆಯನ ಜೊತೆ ಹೋಗಿದ್ದೆ. 1980ರ ದಶಕದಲ್ಲಿ ಇಲ್ಲಿ ಮರಿಗಳನ್ನು ಬಿಡಲು ಆರಂಭಿಸಿ ಬೆಳೆಸಿದ ಮಸ್ಕಿಗಳು ಈಗ ಹೆಸರುವಾಸಿ. ಹೊತ್ತು ಮುಳುಗಿ, ಬಂಡೆಗಳ ನೆರಳು ನೀರಿನಲ್ಲಿ ಕರಗುತ್ತಿತ್ತು. ಮಸ್ಕಿ ಎಷ್ಟೋ ಸಲ ಲೂರಿನ ಹಿಂದೆ ದೋಣಿಯವರೆಗೂ ಬಂದು ಅಲ್ಲೇ ನಿಂತುಬಿಡುತ್ತದೆ. ಅದಕ್ಕಾಗಿ ನಾವು ಲೂರನ್ನು ಮೇಲೆತ್ತದೆ, ರಾಡಿನ ತುದಿಯನ್ನು ನೀರಿಗೆ ಇಳಿಸಿ ಇಂಗ್ಲಿಷಿನ 8ರ ಆಕಾರದಲ್ಲಿ ಎಳೆಯುತ್ತೇವೆ. ಎರಡನೆಯ ತಿರುವಿನಲ್ಲಿ ತಳದಿಂದ ಒಂದು ಹಸಿರುಗಂದು ನೆರಳು ಎದ್ದಿತು. ಕಡಿಮೆ ಎಂದರೂ 50 ಅಂಗುಲ. ಬಾಯಿ ತೆರೆದದ್ದು, ಕಿವಿರು ಬಿಳಿಯಾಗಿ ಅರಳಿದ್ದು, ಲೂರ್ ಮಾಯವಾದದ್ದು ಎಲ್ಲವನ್ನೂ ಕಣ್ಣಾರೆ ಕಂಡೆ. ಗಾಳ ನಾಟಿಸಲು ರಾಡನ್ನು ಬೀಸಿ ಎಳೆದೆ.

ಹಿಡಿ ಹಿಂದಕ್ಕೆ ತಿರುಗಿತು. ತಿರುಗಬಾರದ ದಿಕ್ಕಿಗೆ ತಿರುಗಿ ನನ್ನ ಗೆಣ್ಣಿಗೆ ಬಡಿಯಿತು. ಸ್ಪೂಲಿನಿಂದ ದಾರ ಹರಿಯತೊಡಗಿತು. ಹೆಬ್ಬೆರಳಿನಿಂದ ಸ್ಪೂಲನ್ನು ಒತ್ತಿ ಹಿಡಿದೆ. 80 ಪೌಂಡಿನ ಹೆಣೆದ ದಾರ ಚರ್ಮವನ್ನು ಕೊಯ್ದು ಇಳಿಯಿತು. ಮೀನು ಒಮ್ಮೆ ತಲೆ ಕೊಡವಿ, ಮಗುಚಿ, ಗಾಳ ಕಳಚಿಕೊಂಡು ಹೋಯಿತು.

ಮೀನು ತಪ್ಪಿಸಿಕೊಂಡಿತೆಂಬ ಸಂಕಟಕ್ಕೆ ಈ ಪತ್ರ ಬರೆಯುತ್ತಿಲ್ಲ. ಮೀನು ತಪ್ಪಿಸಿಕೊಳ್ಳುವುದು ಈ ಹವ್ಯಾಸದಲ್ಲಿ ಇದ್ದದ್ದೇ. ಗಾಳ ಕಳಚಿಕೊಂಡಿತು ಎಂಬುದೇ ಅಂದಿನ ಸಮಾಧಾನ. ದಾರ ಬಂಡೆಗೆ ಉಜ್ಜಿ ತುಂಡಾಗಿದ್ದರೆ, ಬಾಯಿಗೆ ಮೂರು ಮೊನೆಯ ಗಾಳಗಳನ್ನು ಚುಚ್ಚಿಕೊಂಡು ಆ ಮೀನು ಸರೋವರದಲ್ಲಿ ತಿರುಗುತ್ತಿತ್ತು. 50 ಅಂಗುಲ ಬೆಳೆಯಲು ಮಸ್ಕಿಗೆ ಸಾಮಾನ್ಯವಾಗಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬೇಕು. ಬೇಸಿಗೆಯಲ್ಲಿ ನೀರು 80 ಡಿಗ್ರಿ ಫ್ಯಾರನ್‌ಹೀಟ್ ತಲುಪಿದರೆ ಬಿಟ್ಟ ಮೀನು ಬದುಕದೇ ಹೋಗಬಹುದೆಂದು ನಾವು ದೋಣಿಯನ್ನೇ ಇಳಿಸುವುದಿಲ್ಲ. ಗಟ್ಟಿ ರೀಲ್ ನಮಗೆ ಬೇಕಾಗಿರುವುದು ಮೀನನ್ನು ಬೇಗ ದಡ ಮುಟ್ಟಿಸಿ, ಗಾಳ ಬಿಡಿಸಿ, ಬೇಗ ಬಿಡುವುದಕ್ಕೆ.

ಮನೆಗೆ ಬಂದು ಬಿಚ್ಚಿದಾಗ ಕಾರಣ ತಿಳಿಯಿತು. ಹಿಡಿ ಹಿಂದಕ್ಕೆ ಹೋಗದಂತೆ ತಡೆಯುವುದು ಒಂದು ಏಕಮುಖ ಬೇರಿಂಗ್. ಅದರೊಳಗಿನ ಪುಟ್ಟ ಉರುಳೆಗಳು ಇಳಿಜಾರು ಸಂದುಗಳಲ್ಲಿ ಸಿಕ್ಕಿ ಉಕ್ಕಿನ ಕೊಳವೆಯನ್ನು ಕಚ್ಚಿ ಹಿಡಿಯುತ್ತವೆ. ಹೆಣೆದ ದಾರ ಹಿಗ್ಗುವುದಿಲ್ಲವಾದ್ದರಿಂದ ಗಾಳ ನಾಟಿಸುವ ಪ್ರತಿಯೊಂದು ಜಗ್ಗು ನೇರವಾಗಿ ಆ ಬೇರಿಂಗಿನ ಮೇಲೆ ಬೀಳುತ್ತದೆ. ನೀವು ಅದನ್ನು ಕೂರಿಸಿರುವುದು ಲೋಹದ ಮುಚ್ಚಳದಲ್ಲಿ ಅಲ್ಲ, ಗ್ರಾಫೈಟ್ ಬೆರೆಸಿದ ಪ್ಲಾಸ್ಟಿಕ್ ಮುಚ್ಚಳದಲ್ಲಿ. ಬೇರಿಂಗಿನ ಗೂಡಿನಿಂದ ಸ್ಕ್ರೂ ತೂತಿನವರೆಗೆ ಕೂದಲೆಳೆಯಂಥ ಬಿರುಕು ಬಿಟ್ಟಿದೆ. ಗೂಡು ಸಡಿಲವಾಗಿ ಬೇರಿಂಗ್ ಇಡಿಯಾಗಿ ತಿರುಗುತ್ತಿದೆ. ಬೇರಿಂಗ್ ಕೈಕೊಟ್ಟರೆ ಹಿಡಿದು ನಿಲ್ಲಿಸಲು ಹಳೆಯ ರೀಲುಗಳಲ್ಲಿ ಹಲ್ಲಿನ ಚಕ್ರವೊಂದು, ಅದಕ್ಕೆ ಸಿಕ್ಕುವ ಕೊಕ್ಕೆಯೊಂದು ಇರುತ್ತಿತ್ತು. ನಿಮ್ಮ ರೀಲಿನಲ್ಲಿ ಅದೂ ಇಲ್ಲ. ಏಳು ವಾರ ನಿಮ್ಮ ಬಳಿ ಇದ್ದ ರೀಲಿನ ಈ ಭಾಗವನ್ನು ನಿಮ್ಮವರು ಒಮ್ಮೆಯಾದರೂ ಪರೀಕ್ಷಿಸಿದ್ದರೆ?

ಅಕ್ಟೋಬರ್ 24ರ ನಿಮ್ಮ ಉತ್ತರದಲ್ಲಿ ಎರಡು ಕಾರಣ ಕೊಟ್ಟಿದ್ದೀರಿ: ವಾಡಿಕೆಯ ಸವೆತ, ಮಿತಿಮೀರಿದ ತೂಕದ ಲೂರ್ ಬಳಕೆ. ಮಿತಿ ಎಷ್ಟು ಎಂದು ಪೆಟ್ಟಿಗೆಯಲ್ಲಿಲ್ಲ, ಕೈಪಿಡಿಯಲ್ಲಿಲ್ಲ. ನನ್ನ ಬಳಿ ಇರುವ ಅತಿ ಭಾರದ ಲೂರ್ 8 ಔನ್ಸ್. ಮಸ್ಕಿಗಾಗಿ ಒಂದು ಪೌಂಡ್ ತೂಗುವ ರಬ್ಬರ್ ಲೂರುಗಳನ್ನು ಎಸೆಯುವವರೂ ಇದ್ದಾರೆ, ಅವುಗಳನ್ನು ನಾನು ಮುಟ್ಟಿಲ್ಲ. ಇನ್ನು, 19 ದಿನಕ್ಕೆ ಹಲ್ಲು ಉದುರುವುದು ವಾಡಿಕೆಯಾದರೆ ಆ ವಾಡಿಕೆಯನ್ನೂ ಪೆಟ್ಟಿಗೆಯ ಮೇಲೆ ಅಚ್ಚು ಹಾಕಿ. ಬಿಡಿಭಾಗ ಮಾರುವುದಿಲ್ಲ, ಬೇಕಾದರೆ ಹೊಸ ಮಾದರಿಗೆ 20 ಪ್ರತಿಶತ ರಿಯಾಯಿತಿ ಕೊಡುತ್ತೇವೆ ಎಂದೂ ಬರೆದಿದ್ದೀರಿ. ಮುಚ್ಚಳ ಮತ್ತು ಬೇರಿಂಗ್ ಸಿಕ್ಕರೆ ಒಂದು ಸಂಜೆಯಲ್ಲಿ ನಾನೇ ಸರಿಪಡಿಸಿಕೊಳ್ಳುವ ವಸ್ತುವನ್ನು ಕಸದ ಬುಟ್ಟಿಗೆ ಹಾಕಿ ಮತ್ತೊಂದನ್ನು ಕೊಳ್ಳಿ ಎನ್ನುತ್ತಿದ್ದೀರಿ. ಈ ಮಾತು ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿತು.

ನಮ್ಮ ಬೀದಿಯ ಹಿರಿಯರೊಬ್ಬರ ಬಳಿ ಸ್ವೀಡನ್ನಿನಲ್ಲಿ ತಯಾರಾದ ದುಂಡನೆಯ ಅಂಬಾಸಡರ್ 6500 ರೀಲ್ ಇದೆ. ಅವರ ತಂದೆ ಬಳಸಿದ್ದು. ಒಳಗಿರುವುದು ಹಿತ್ತಾಳೆಯ ಗೇರ್. ಇಂದಿನ ಅತಿ ಭಾರದ ಲೂರುಗಳಿಗೆ ಅದು ಚಿಕ್ಕದು, ನಿಜ. ಆದರೂ ಪ್ರತಿ ಚಳಿಗಾಲದಲ್ಲಿ ಬಿಚ್ಚಿ, ತೊಳೆದು, ಸವೆದ ಡ್ರ್ಯಾಗ್ ಬಿಲ್ಲೆಯನ್ನೋ ದಾರ ಹರಡುವ ಕೊಕ್ಕೆಯನ್ನೋ ಬದಲಿಸಿ, ಮತ್ತೆ ಜೋಡಿಸಿ ಬಳಸುತ್ತಾರೆ. ಭಾಗಗಳು ಈಗಲೂ ಸಿಗುತ್ತವೆ. ಈ ಬಗೆಯ ರೀಲನ್ನು ಈ ದೇಶದಲ್ಲಿ ಸುಮಾರು ಇನ್ನೂರು ವರ್ಷಗಳ ಹಿಂದೆ ಮೊದಲು ಮಾಡಿದವರು ಕೆಂಟುಕಿಯ ಗಡಿಯಾರ ತಯಾರಕರು. ಬಿಚ್ಚಿ ರಿಪೇರಿ ಮಾಡಲಾಗದ ಯಂತ್ರವನ್ನು ಅವರು ಗಿರಾಕಿಯ ಕೈಗೆ ಕೊಡುತ್ತಿರಲಿಲ್ಲ.

ನನ್ನ ಬೇಡಿಕೆ ಇಷ್ಟು. 299 ಡಾಲರನ್ನು ಪೂರ್ತಿ ಮರಳಿಸಿ. ಅದು ಆಗದಿದ್ದರೆ ಹಿತ್ತಾಳೆಯ ಗೇರ್, ಲೋಹದ ಮುಚ್ಚಳ, ಹೊಸ ಬೇರಿಂಗ್ ಹಾಕಿ, ಋತು ಮತ್ತೆ ಆರಂಭವಾಗುವ 2026ರ ಜೂನ್ ಮೊದಲ ಶನಿವಾರಕ್ಕೆ ಮುಂಚೆ ರೀಲನ್ನು ಕೊಡಿ. ಇದು ನನ್ನೊಬ್ಬನ ಪಾಲಿನದು. ಉಳಿದ ಗ್ರಾಹಕರಿಗಾಗಿ ಕೇಳುವುದು ಎರಡು: ಗೇರಿನ ಲೋಹ ಮತ್ತು ಲೂರ್ ತೂಕದ ಮಿತಿಯನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿ, ಸವೆಯುವ ಭಾಗಗಳನ್ನು ಬಿಡಿಯಾಗಿ ಮಾರಿ. ರೀಲನ್ನು ಆರಿಸಿಕೊಳ್ಳಲು ಅಂಗಡಿಯಲ್ಲಿ ನಿಂತವನಿಗೆ ಡ್ರ್ಯಾಗಿನ ಅಂಕಿಗಿಂತ ಈ ಎರಡು ಮಾಹಿತಿ ನೂರು ಪಾಲು ಹೆಚ್ಚು ಉಪಯೋಗಕ್ಕೆ ಬರುತ್ತವೆ.

30 ದಿನಗಳೊಳಗೆ ತೃಪ್ತಿಕರ ಉತ್ತರ ಬರದಿದ್ದರೆ ಮಿನ್ನೆಸೋಟದ ಅಟಾರ್ನಿ ಜನರಲ್ ಕಚೇರಿಯ ಗ್ರಾಹಕ ವಿಭಾಗಕ್ಕೆ ದೂರು ಕೊಡುತ್ತೇನೆ. ಬರಹದಲ್ಲಿ ವಾರಂಟಿ ಕೊಟ್ಟ ಸಂಸ್ಥೆ ವಸ್ತುವಿನ ಯೋಗ್ಯತೆಯ ಹೊಣೆಯಿಂದ ಪೂರ್ತಿಯಾಗಿ ಕೈತೊಳೆದುಕೊಳ್ಳಲು 1975ರ ಮ್ಯಾಗ್ನುಸನ್-ಮಾಸ್ ವಾರಂಟಿ ಕಾಯಿದೆ ಬಿಡುವುದಿಲ್ಲ ಎಂಬುದು ನಿಮ್ಮ ಕಾನೂನು ವಿಭಾಗಕ್ಕೆ ತಿಳಿದೇ ಇದೆ.

ಇಂತಿ ತಮ್ಮ ವಿಶ್ವಾಸಿ,
ನಿಮ್ಮ ಗ್ರಾಹಕ

ಲಗತ್ತು: ಖರೀದಿಯ ರಸೀದಿ, ನಿಮ್ಮ ಎರಡು ಉತ್ತರಗಳ ಪ್ರತಿ, ಬಿರುಕುಬಿಟ್ಟ ಮುಚ್ಚಳದ ನಾಲ್ಕು ಚಿತ್ರಗಳು. ಮೊದಲ ರಿಪೇರಿಯಲ್ಲಿ ನೀವು ತೆಗೆದು ರೀಲಿನ ಜೊತೆ ಮರಳಿಸಿದ್ದ ಸವೆದ ಗೇರನ್ನು ಒಂದು ಪುಟ್ಟ ಡಬ್ಬಿಯಲ್ಲಿ ಪ್ರತ್ಯೇಕವಾಗಿ ಅಂಚೆಯಲ್ಲಿ ಕಳುಹಿಸಿದ್ದೇನೆ. ನಿಮ್ಮ ತಾಂತ್ರಿಕ ವಿಭಾಗದವರು ಅದನ್ನು ಕೈಯಲ್ಲಿ ಹಿಡಿದು, ಹಲ್ಲುಗಳ ಮೇಲೆ ಉಗುರು ಆಡಿಸಿ ನೋಡಲಿ. ನೋಡಿದ ಮೇಲೆ ಎಸೆಯದೆ ನನಗೆ ಮರಳಿಸಿ.