ಬೆನ್ನಿಗೆ ನಿಂತವರಿಗೆ

ಮಗಳ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಾಗಿ ಮೊನ್ನೆಗೆ ಒಂದು ವರ್ಷ ತುಂಬಿತು. ತಪಾಸಣೆಯ ಎಕ್ಸ್-ರೇ ನೋಡಿದ ವೈದ್ಯರು, "ಮೂಳೆ ಚೆನ್ನಾಗಿ ಬೆಸೆದುಕೊಂಡಿದೆ, ಇನ್ನು ಎಲ್ಲ ಆಟ ಆಡಬಹುದು" ಎಂದರು. ಆ ಮಾತು ಕಿವಿಗೆ ಬೀಳುವವರೆಗೂ ಯಾರಿಗೂ ಧನ್ಯವಾದ ಹೇಳುವ ಧೈರ್ಯ ನನಗಿರಲಿಲ್ಲ. ತಡವಾಗಿದೆ, ಮನ್ನಿಸಿ.

ಮೊದಲ ನಮಸ್ಕಾರ ಅವಳ ಈಜು ಶಿಕ್ಷಕಿಗೆ. ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರೆ. ಹದಿಮೂರು ವರ್ಷದ ಮಗಳ ಬೆನ್ನು ತಾಯಿಗೂ ಕಾಣುವುದಿಲ್ಲ. ಆ ವಯಸ್ಸಿಗೆ ಮಕ್ಕಳು ಬಾಗಿಲು ಹಾಕಿಕೊಂಡೇ ಬಟ್ಟೆ ಬದಲಿಸುವುದು. ಬಲಗಡೆಯ ಹೆಗಲೆಲುಬು ಎಡಗಡೆಯದಕ್ಕಿಂತ ಹೊರಚಾಚಿದೆ ಎಂದು ಕಂಡು, ನನ್ನನ್ನು ಪಕ್ಕಕ್ಕೆ ಕರೆದು, "ಮನೆಯಲ್ಲಿ ಒಮ್ಮೆ ಮುಂದಕ್ಕೆ ಬಗ್ಗಿಸಿ ನೋಡಿ" ಎಂದವರು ನೀವು. ಆ ರಾತ್ರಿ ನೋಡಿದೆ. ಬೆನ್ನಿನ ಒಂದು ಪಕ್ಕ ದಿಬ್ಬದಂತೆ ಎದ್ದಿತ್ತು.

ಎಕ್ಸ್-ರೇಯಲ್ಲಿ ಬಾಗು 34 ಡಿಗ್ರಿ. ಸ್ಕೋಲಿಯೋಸಿಸ್ ಎಂಬ ಪದವನ್ನು ನಾನು ಕೇಳಿದ್ದೇ ಅಂದು. ಬೆನ್ನುಮೂಳೆ ಪಕ್ಕಕ್ಕೆ ಬಾಗುವುದಷ್ಟೇ ಅಲ್ಲ, ತಿರುಚಿಕೊಳ್ಳುತ್ತದೆ ಕೂಡ. ಪಕ್ಕೆಲುಬುಗಳು ದಿಬ್ಬವಾಗಿ ಏಳುವುದು ಆ ತಿರುಚಿನಿಂದ.

ಮೂಳೆ ವೈದ್ಯರ ಕೈಚಳಕಕ್ಕಿಂತ ಮೊದಲು ಅವರ ಒಂದು ಮಾತಿಗೆ ನಾನು ಋಣಿ. "ನೆಟ್ಟಗೆ ಕುಳಿತುಕೋ" ಎಂದು ಮಗಳನ್ನು ಎಷ್ಟು ಸಲ ಗದರಿದ್ದೆನೋ ಲೆಕ್ಕವಿಲ್ಲ. ಪುಸ್ತಕದ ಚೀಲದ ಭಾರವೇ ಕಾರಣ ಎಂದು ಬಂಧುಗಳು ತೀರ್ಪು ಕೊಟ್ಟಾಗಿತ್ತು. ಈ ವಯಸ್ಸಿನಲ್ಲಿ ಕಾಣಿಸುವ ಬಾಗಿಗೆ ಹೆಚ್ಚಿನ ಮಕ್ಕಳಲ್ಲಿ ಇಂಥದ್ದೇ ಕಾರಣ ಎಂದು ಹೇಳಲಾಗದು, ಆದರೆ ಕೂರುವ ಭಂಗಿಯಿಂದಲೋ ಚೀಲದಿಂದಲೋ ಅದು ಬರುವುದಿಲ್ಲ ಎಂದು ವೈದ್ಯರು ವಿವರಿಸಿದರು. ವಿವರಿಸಿದ್ದು ನನಗಲ್ಲ, ಮಗಳ ಮುಖ ನೋಡಿ ಅವಳಿಗೆ. ಅವಳು ತಿರುಗಿ ನನ್ನನ್ನು ನೋಡಿದಳು. ಕ್ಷಮೆ ಕೇಳುವುದಕ್ಕೆ ನನಗೆ ಮನೆ ತಲುಪುವವರೆಗೆ ಸಮಯ ಬೇಕಾಯಿತು.

ಹದಿನಾಲ್ಕು ತಿಂಗಳು, ದಿನಕ್ಕೆ ಹದಿನೆಂಟು ಗಂಟೆ, ಬ್ರೇಸ್ ತೊಟ್ಟಳು, ಬಾಗು ಹೆಚ್ಚದಂತೆ ಮೈಗೆ ಬಿಗಿಯುವ ಗಟ್ಟಿ ಪ್ಲಾಸ್ಟಿಕ್ಕಿನ ಕವಚ. ಆದರೂ ಬಾಗು 54ಕ್ಕೆ ಏರಿತು. ಮದುವೆಯೊಂದಕ್ಕೆ ಹೋದಾಗ ಒಂದು ದಿನ ಬ್ರೇಸ್ ಬಿಚ್ಚಿಟ್ಟಿದ್ದನ್ನು ನೆನೆದು ಅವಳು ಅತ್ತಳು. ವೈದ್ಯರು ಪಕ್ಕದಲ್ಲಿ ಕುಳಿತು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರ ಲೆಕ್ಕ ಹೇಳಿದರು: ಬ್ರೇಸ್ ತೊಟ್ಟ ಮಕ್ಕಳಲ್ಲಿ ಶೇ 72ರಷ್ಟು ಮಂದಿಯ ಬಾಗು 50 ಡಿಗ್ರಿ ಮುಟ್ಟದೆಯೇ ಬೆಳವಣಿಗೆ ಮುಗಿದಿತ್ತು, ತೊಡದವರಲ್ಲಿ ಶೇ 48. "ಉಳಿದ 28ರಲ್ಲಿ ನೀನಿದ್ದೀಯ, ಅಷ್ಟೇ. ಅವರೂ ಬ್ರೇಸ್ ತೊಟ್ಟವರೇ." ಅಂಕಿ ಅಂಶ ಸಾಂತ್ವನವಾಗಬಲ್ಲದು ಎಂದು ನಾನು ಅಂದುಕೊಂಡಿರಲಿಲ್ಲ.

ಐವತ್ತು ದಾಟಿದ ಬಾಗು ಬೆಳವಣಿಗೆ ನಿಂತ ಮೇಲೂ ನಿಧಾನವಾಗಿ ಹೆಚ್ಚುತ್ತಾ ಹೋಗಬಹುದು ಎಂದರು. ಹಾಗಾಗಿ ಶಸ್ತ್ರಚಿಕಿತ್ಸೆಗೆ ಒಪ್ಪಿದೆವು. ಇಪ್ಪತ್ತು ಸ್ಕ್ರೂ, ಎರಡು ಲೋಹದ ಸರಳು, ಐದೂವರೆ ಗಂಟೆ.

ಆ ಹೊತ್ತಿನಲ್ಲಿ ಒಳಗಿದ್ದ ಒಬ್ಬರನ್ನು ನಾನು ಎರಡೇ ನಿಮಿಷ ನೋಡಿದ್ದು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ. ಅವರು ಕತ್ತಿ ಹಿಡಿಯುವವರಲ್ಲ. ಮಿದುಳಿಗೂ ಕಾಲಿಗೂ ನಡುವೆ ಬೆನ್ನುಹುರಿಯಲ್ಲಿ ಓಡಾಡುವ ವಿದ್ಯುತ್ ಸಂಕೇತಗಳನ್ನು ಪರದೆಯ ಮೇಲೆ ಕಾಯುವುದೇ ಅವರ ಕೆಲಸ. ಮೂಳೆಯನ್ನು ನೇರಗೊಳಿಸುವಾಗ ಸಂಕೇತ ಒಮ್ಮೆ ಕುಗ್ಗಿತಂತೆ. ಅವರು ಕೂಗಿ ಹೇಳಿದರು, ವೈದ್ಯರು ಕೈ ತಡೆದರು, ಅರಿವಳಿಕೆ ತಜ್ಞರು ರಕ್ತದೊತ್ತಡ ಏರಿಸಿದರು, ಸಂಕೇತ ಮರಳಿತು. ಇದು ನಮಗೆ ಗೊತ್ತಾದದ್ದು ಮಾರನೆಯ ದಿನ. ಗೊತ್ತಿಲ್ಲದೆ ಹೊರಗೆ ಕುಳಿತು ಅದೇ ಹಳೆಯ ವಾರಪತ್ರಿಕೆಯ ಅದೇ ಪುಟ ನೋಡುತ್ತಿದ್ದೆ. ಪರದೆ ಕಾದವರೇ, ನಿಮ್ಮ ಹೆಸರೂ ನನ್ನ ನೆನಪಿನಲ್ಲಿಲ್ಲ. ಎಚ್ಚರವಾದ ಮಗಳಿಗೆ "ಕಾಲ್ಬೆರಳು ಆಡಿಸು" ಎಂದಾಗ ಹತ್ತೂ ಬೆರಳು ಆಡಿದವು. ಅದರಲ್ಲಿ ನಿಮ್ಮ ಪಾಲಿದೆ.

ರಾತ್ರಿ ಪಾಳಿಯ ನರ್ಸ್‌ಗಳಿಗೆ. ಎರಡು ಗಂಟೆಗೊಮ್ಮೆ ಮರದ ದಿಮ್ಮಿ ಹೊರಳಿಸಿದಂತೆ, ಹೆಗಲೂ ಸೊಂಟವೂ ಒಟ್ಟಿಗೆ ತಿರುಗುವಂತೆ ಮಗ್ಗುಲು ಬದಲಿಸಿದಿರಿ. ಮೂರನೆಯ ರಾತ್ರಿ ನೋವಿನಿಂದ ಮಗಳು ಬೈದಾಗ, "ಬೈಯುವಷ್ಟು ಶಕ್ತಿ ಬಂತಲ್ಲ" ಎಂದು ನಕ್ಕಿರಿ. ನೋವಿನ ಔಷಧಿಗೆ ಕರುಳು ಸೋಮಾರಿಯಾಗಿ, ನಾಲ್ಕು ದಿನ ಇಡೀ ವಾರ್ಡು ಅವಳ ಹೊಟ್ಟೆಯ ವಿಷಯವನ್ನೇ ವಿಚಾರಿಸಿತು. ಕೊನೆಗೂ ಶುಭವಾರ್ತೆ ಬಂದಾಗ ನಿಮಗಾದ ಸಂತೋಷ ನೆಂಟರಿಷ್ಟರಲ್ಲೂ ನಾನು ಕಂಡಿಲ್ಲ.

ಎರಡನೆಯ ದಿನವೇ ಅವಳನ್ನು ಎಬ್ಬಿಸಿ ನಿಲ್ಲಿಸಿದ ಫಿಸಿಯೋಥೆರಪಿಸ್ಟ್‌ಗೆ, ಅಂದು ನಿಮ್ಮನ್ನು ಮನಸ್ಸಿನಲ್ಲೇ ಶಪಿಸಿದ್ದಕ್ಕೆ ಕ್ಷಮೆಯಿರಲಿ. ರಕ್ತ ಕೊಟ್ಟ ಅಪರಿಚಿತರಿಗೆ ನಮಸ್ಕಾರ.

ಶಾಲೆಗೆ ಮರಳಿದ ಮೇಲೆ ಬಗ್ಗುವಂತಿಲ್ಲ, ಭಾರ ಎತ್ತುವಂತಿಲ್ಲ, ಸೊಂಟ ತಿರುಗಿಸುವಂತಿಲ್ಲ. ಅವಳ ಗೆಳತಿ ತಿಂಗಳುಗಟ್ಟಲೆ ಎರಡು ಚೀಲ ಹೊತ್ತಳು, ಕೆಳಗೆ ಬಿದ್ದ ಪೆನ್ಸಿಲ್ ಎತ್ತಿಕೊಟ್ಟಳು. ಯಾರಾದರೂ ಹಿಂದಿನಿಂದ ಬಂದು ಮಗಳ ಬೆನ್ನು ತಟ್ಟಲು ಕೈ ಎತ್ತಿದರೆ ನಡುವೆ ನಿಂತಳು. ಇದನ್ನು ಯಾವ ವೈದ್ಯರೂ ಬರೆದುಕೊಟ್ಟಿರಲಿಲ್ಲ.

ಮಗಳೀಗ ನನಗಿಂತ ಎತ್ತರ. ಮೂರೂವರೆ ಸೆಂಟಿಮೀಟರ್ ಒಂದೇ ದಿನದಲ್ಲಿ ಸಿಕ್ಕಿದ್ದು. ಬಾಗು ಪೂರ್ತಿ ಹೋಗಿಲ್ಲ, 19 ಡಿಗ್ರಿ ಉಳಿದಿದೆ. ಅವಳ ಹಳೆಯ ಅಂಗಿಗಳನ್ನು ಹಾಕಿದರೆ ಮಾತ್ರ ಗೊತ್ತಾಗುತ್ತದೆ.

ಇದನ್ನು ಪ್ರಕಟಿಸುವ ಮೊದಲು ಅವಳಿಗೆ ಓದಲು ಕೊಟ್ಟೆ. ಎರಡು ತಿದ್ದುಪಡಿ ಹೇಳಿದಳು. ಗೆಳತಿ ಎತ್ತಿಕೊಟ್ಟದ್ದು ಪೆನ್ಸಿಲ್ ಅಲ್ಲವಂತೆ, ರಬ್ಬರು. ಪ್ರತಿ ಸಲವೂ ಅದೇ ರಬ್ಬರು, ಮಗಳೇ ಬೇಕೆಂದು ಬೀಳಿಸುತ್ತಿದ್ದಳಂತೆ. ಎರಡನೆಯದು, ಭೇಟಿಯಾದಾಗ ಗಾಯದ ಗುರುತು ತೋರಿಸು ಎಂದು ದಯವಿಟ್ಟು ಯಾರೂ ಕೇಳಬಾರದು. ಬೇಕೆನಿಸಿದರೆ ಅವಳೇ ತೋರಿಸುತ್ತಾಳಂತೆ.