ಲೋ ದೊರೆ, ನಾನೀಗ ಬೋನಿನ ಪಕ್ಕ ಮಲಗುತ್ತಿದ್ದೇನೆ

ಲೋ ದೊರೆ,

ಇದನ್ನು ನಿನ್ನ ವಾಟ್ಸಾಪಿಗೇ ಕಳಿಸಬಹುದಿತ್ತು. ಕಳಿಸಿದರೆ ನೀನು ಒಂದು ಹೆಬ್ಬೆಟ್ಟು ಒತ್ತಿ ಸುಮ್ಮನಾಗುತ್ತೀಯ. ಎಲ್ಲರೆದುರು ಬರೆದರೆ ನಾಚಿಕೆಗಾದರೂ ನಾಲ್ಕು ಸಾಲು ಬರೆಯುತ್ತೀಯ ಅಂತ ಇಲ್ಲಿ ಹಾಕುತ್ತಿದ್ದೇನೆ. ಹೆದರಬೇಡ, ಹನ್ನೊಂದನೇ ತಟ್ಟೆ ಇಡ್ಲಿಯ ವಿಷಯ ಎತ್ತುವುದಿಲ್ಲ. ಕ್ಯಾತ್ಸಂದ್ರ ದಾಟುವಾಗಲೆಲ್ಲ ನಗು ಬರುತ್ತದೆ, ಅಷ್ಟೇ.

ಈಗ ರಾತ್ರಿ ಎರಡೂಕಾಲು. ನಡುಮನೆಯಲ್ಲಿ ಚಾಪೆ, ಚಾಪೆಯ ಮೇಲೆ ನಾನು, ನನ್ನ ಪಕ್ಕ ಕಬ್ಬಿಣದ ಬೋನು, ಬೋನಿನೊಳಗೆ ಎರಡು ತಿಂಗಳ ನಾಯಿಮರಿ. ಹೆಸರು ಕೊಬ್ಬರಿ. ತಿಪಟೂರು ಕಡೆ ತಂಗಿಯ ಗಂಡನ ತೋಟದಲ್ಲಿ ಗರಿ ರಾಶಿಯ ಹಿಂದೆ ಹುಟ್ಟಿದ ಆರರಲ್ಲಿ ಒಂದು. ಬೆನ್ನು ಕಂದು, ಹೊಟ್ಟೆ ಬಿಳಿ, ಮುದುರಿಕೊಂಡು ಮಲಗಿದರೆ ಥೇಟ್ ಕೊಬ್ಬರಿ ಗಿಟುಕು. ಯಾವ ಜಾತಿ ಅಂತ ಕೇಳಬೇಡ. ಕೇಳಿದವರಿಗೆಲ್ಲ ಅಮ್ಮ "ತೋಟದ ಜಾತಿ" ಅನ್ನುತ್ತಾಳೆ. ಮಗ ಹಾಸ್ಟೆಲಿಗೆ ಹೋದ ಮೇಲೆ ಮನೆ ಬಿಕೋ ಅನ್ನುತ್ತಿದೆ ಅಂತ ಹೆಂಡತಿ ಹೇಳುತ್ತಿದ್ದಳಲ್ಲ, ಅದಕ್ಕೆ ತಂಗಿ ಒಂದು ಮಂಕರಿಯಲ್ಲಿ ಗೋಣಿತಾಟು ಹಾಸಿ ಇದನ್ನು ಕೂರಿಸಿ ಕೊಟ್ಟಳು. ಬೇಡ ಅನ್ನಲು ಬಾಯಿ ತೆರೆದೆ, ಅಷ್ಟರಲ್ಲಿ ಅದು ನನ್ನ ಅಂಗಿ ಗುಂಡಿ ಚೀಪುತ್ತಿತ್ತು.

ಕ್ರೇಟ್ ಟ್ರೈನಿಂಗ್ ಅಂತ ಒಂದಿದೆಯಂತೆ. ನಮ್ಮ ಕಡೆ ಕ್ರೇಟ್ ಅಂದರೆ ಟೊಮೆಟೊ ತುಂಬುವುದು, ಇಲ್ಲ ಸೋಡಾ ಬಾಟಲಿ ಇಡುವುದು. ಅದರಲ್ಲಿ ನಾಯಿಯನ್ನೂ ಇಡುತ್ತಾರೆ ಅಂತ ನನಗೇನು ಗೊತ್ತು? ಹೆಂಡತಿ ಫೋನಿನಲ್ಲಿ ನೋಡಿ ಪಾಠ ಹೇಳಿದಳು. ಮರಿಗೆ ಅದು ಜೈಲಲ್ಲ, ಗೂಡು. ರಾತ್ರಿ ವೈರು ಕಡಿಯುವುದಿಲ್ಲ, ಚಪ್ಪಲಿ ತಿನ್ನುವುದಿಲ್ಲ. ತಾನು ಮಲಗುವ ಜಾಗ ಕೊಳೆ ಮಾಡಿಕೊಳ್ಳಲು ನಾಯಿಗೆ ಇಷ್ಟ ಇರುವುದಿಲ್ಲ, ಹಾಗಾಗಿ ನಿಧಾನಕ್ಕೆ ತಡೆದುಕೊಳ್ಳುವುದನ್ನೂ ಕಲಿಯುತ್ತದೆ. ಸರಿ ಅಂತ ನಮ್ಮ ಬೀದಿಯ ವೆಲ್ಡಿಂಗ್ ಅಂಗಡಿಗೆ ಹೋದೆ. ಅವನು ಅಳತೆ ಕೇಳಿದ, ನಾನು ಮರಿ ತೋರಿಸಿದೆ. "ಸಾರ್, ನಾಳೆ ಬೆಳೆಯುತ್ತೆ, ಒಂದೇ ಸಲ ದೊಡ್ಡದು ಮಾಡಿಸಿಬಿಡಿ" ಅಂದ. ದುಡ್ಡು ಉಳಿಯುತ್ತೆ ಅಂದರೆ ನಾನು ಯಾರ ಮಾತಾದರೂ ಕೇಳುತ್ತೇನೆ ಅಂತ ನಿನಗೆ ಗೊತ್ತಲ್ಲ.

ಗೂಡ್ಸ್ ಆಟೋದಿಂದ ಅದನ್ನು ಇಳಿಸುವಾಗ ಎದುರುಮನೆ ಮೇಷ್ಟ್ರು ಗೇಟಿಗೆ ಓಡಿಬಂದು "ಚಿರತೆ ಬಂದಿದೆಯಾ ಈ ಕಡೆ?" ಅಂತ ಕೇಳಿದರು. ತಮಾಷೆಗಲ್ಲ, ನಿಜಕ್ಕೂ ಕೇಳಿದರು. ನಮ್ಮ ಜಿಲ್ಲೆಯಲ್ಲಿ ಬೋನು ಅಂದರೆ ಇನ್ನೇನು ಅರ್ಥ? ಅರಣ್ಯ ಇಲಾಖೆಯವರು ತೋಟದಲ್ಲಿ ಇಟ್ಟುಹೋಗುತ್ತಾರೆ, ಚಿರತೆಗೆ ಆಸೆ ತೋರಿಸಲು ಒಳಗೆ ಒಂದು ನಾಯಿ ಕಟ್ಟುತ್ತಾರೆ. ಅಮ್ಮ ತೋಟದಲ್ಲಿ ಅದನ್ನು ಕಣ್ಣಾರೆ ನೋಡಿದವಳು. "ಹಾಲು ಕುಡಿಯೋ ಮರೀನ ಬೋನಿಗೆ ಹಾಕೋದು ಎಲ್ಲಾದ್ರೂ ನೋಡಿದ್ದೀಯೇನೋ, ಅದೂ ಶ್ರಾವಣದಲ್ಲಿ" ಅಂದಳು. ನಾಯಿ ನಡುಮನೆಗೆ ಬಂದರೆ ಶ್ರಾವಣದ ಮಡಿ ಕೆಡುತ್ತೆ ಅಂತ ಬೆಳಿಗ್ಗೆ ಗೊಣಗಿದವಳೂ ಇವಳೇ.

ಮೊದಲ ರಾತ್ರಿ ಮರಿಯನ್ನು ಒಳಗೆ ಬಿಟ್ಟು, ಚಿಲಕ ಹಾಕಿ, ಲೈಟು ಆರಿಸಿ, ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆವು. ಎರಡು ನಿಮಿಷ ಸದ್ದಿಲ್ಲ. ಆಮೇಲೆ ಸಣ್ಣಗೆ ಸಿಳ್ಳೆ ಹಾಕಿದ ಹಾಗೆ ಶುರುವಾಯಿತು. ಎಣ್ಣೆ ಕಾಣದ ಬಾವಿ ರಾಟೆ ತಿರುಗಿದ ಹಾಗೆ ಆಯಿತು. ಕೊನೆಗೆ ಅಷ್ಟು ಸಣ್ಣ ಗಂಟಲಿನಿಂದ ಅಷ್ಟು ದೊಡ್ಡ ಸದ್ದು ಹೇಗೆ ಬರುತ್ತೆ ಅನ್ನುವ ಹಾಗೆ ಊಳಿಟ್ಟಿತು. ನಮ್ಮ ಆಫೀಸಿನಲ್ಲಿ ಲ್ಯಾಬ್ರಡಾರ್ ಸಾಕಿದವರೊಬ್ಬರು ಮೊದಲೇ ಹೇಳಿದ್ದರು, "ಹೋಗಲೇಬೇಡಿ. ಮೂರು ರಾತ್ರಿ ಮನಸ್ಸು ಕಲ್ಲು ಮಾಡಿಕೊಳ್ಳಿ. ನಾಲ್ಕನೇ ರಾತ್ರಿ ತಾನೇ ಸರಿಹೋಗುತ್ತೆ." ಮಾಡಿಕೊಂಡೆ. ಗಡಿಯಾರ ನೋಡುತ್ತಾ ಮಲಗಿದ್ದೆ, 50 ನಿಮಿಷ. ನಿಂತಿತು. ನೋಡಿದೆಯಾ, ಸರಿಹೋಯಿತು ಅಂತ ಹೆಂಡತಿಗೆ ಹೇಳಿದೆ. ಅವಳು ಗೋಡೆ ಕಡೆ ತಿರುಗಿ ಮಲಗಿದ್ದಳು, ಮಾತಾಡಲಿಲ್ಲ.

ಬೆಳಿಗ್ಗೆ ನೋಡಿದರೆ ಬೋನಿನ ಒಂದು ಮೂಲೆಯಲ್ಲಿ ಒಂದಕ್ಕೆ, ಎರಡಕ್ಕೆ ಎಲ್ಲ ಆಗಿತ್ತು. ಎದುರು ಮೂಲೆಯಲ್ಲಿ ಕೊಬ್ಬರಿ ನಿದ್ದೆ. ಬಚ್ಚಲು ಬೇರೆ, ಬೆಡ್‌ರೂಮು ಬೇರೆ.

ಅವತ್ತೇ ಲಸಿಕೆ ಹಾಕಿಸಲು ಕರೆದುಕೊಂಡು ಹೋಗಿದ್ದೆ. ಡಾಕ್ಟ್ರಮ್ಮ ಒಳ್ಳೆಯವರು, ಆದರೆ ಬೈಯುವುದರಲ್ಲಿ ನಮ್ಮ ಗಣಿತದ ಮೇಷ್ಟ್ರಿಗಿಂತ ಒಂದು ಕೈ ಮೇಲು. ಬೋನಿನ ಅಳತೆ ಹೇಳಿದ ಕೂಡಲೇ "ಮರಿ ಸಾಕುತ್ತಿದ್ದೀರೋ ಕರು ಸಾಕುತ್ತಿದ್ದೀರೋ?" ಅಂದರು. ನಿಲ್ಲಲು, ಸುತ್ತು ತಿರುಗಲು, ಕಾಲು ಚಾಚಿ ಮಲಗಲು ಆದರೆ ಸಾಕಂತೆ. ಅದಕ್ಕಿಂತ ದೊಡ್ಡದಾದರೆ ಅದು ಒಂದು ಮೂಲೆಯನ್ನು ಕಕ್ಕಸು ಮಾಡಿಕೊಳ್ಳುತ್ತದೆ. ನಡುವೆ ಒಂದು ಹಲಗೆ ಅಡ್ಡ ಇಡಿ, ಬೆಳೆದ ಹಾಗೆ ಹಿಂದಕ್ಕೆ ಸರಿಸಿ ಅಂದರು. ಆಮೇಲೆ ಒಂದು ಲೆಕ್ಕ ಕೊಟ್ಟರು: ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಕೂಡಿಸಿ, ಹೆಚ್ಚೆಂದರೆ ಅಷ್ಟು ಗಂಟೆ ತಡೆದುಕೊಳ್ಳುತ್ತದೆ. ಎರಡು ತಿಂಗಳಿಗೆ 3 ಗಂಟೆ. ಅಂದರೆ ರಾತ್ರಿ ಹನ್ನೊಂದಕ್ಕೆ ಹಿತ್ತಿಲಿಗೆ ಒಯ್ದರೆ ಎರಡಕ್ಕೆ ಒಂದು ಸಲ, ಐದಕ್ಕೆ ಒಂದು ಸಲ. ಬಾಣಂತನವೇ ಕಣೋ.

ನಾನು ಜಂಬದಿಂದ, "50 ನಿಮಿಷ ಅತ್ತು ತಾನೇ ಸುಮ್ಮನಾಯಿತು ಮೇಡಂ" ಅಂದೆ. ಅವರು ಸೂಜಿಗೆ ಔಷಧಿ ಎಳೆಯುತ್ತಾ, ನನ್ನ ಮುಖ ಕೂಡ ನೋಡದೆ, "ಹೊಂದಿಕೊಂಡು ಸುಮ್ಮನಾಯಿತೋ, ಯಾರೂ ಬರಲ್ಲ ಅಂತ ಗೊತ್ತಾಗಿ ಸುಮ್ಮನಾಯಿತೋ" ಅಂದರು. ಅಷ್ಟೇ. ಆಮೇಲೆ ಮೂರ್ನಾಲ್ಕು ವಾರ ಬಿಟ್ಟು ಬೂಸ್ಟರಿಗೆ ಬನ್ನಿ, ಮೂರು ತಿಂಗಳಾದ ಮೇಲೆ ರೇಬಿಸ್ ಚುಚ್ಚುಮದ್ದು, ಲಸಿಕೆ ಎಲ್ಲ ಮುಗಿಯುವ ತನಕ ಬೀದಿಯಲ್ಲಿ ಇಳಿಸಬೇಡಿ, ಪಾರ್ವೋ ರೋಗ ಬರುತ್ತೆ ಅಂತೆಲ್ಲ ಹೇಳಿದರು. ನಾನು ತಲೆ ಆಡಿಸಿದೆ. ಕಿವಿಯಲ್ಲಿ ಮೊದಲನೇ ಮಾತೇ ಇತ್ತು.

ಹಾಗಾಗಿ ಎರಡನೇ ರಾತ್ರಿಯಿಂದ ಈ ಚಾಪೆ. ಮರಿ ಹುಟ್ಟಿದಾಗಿನಿಂದ ಅಣ್ಣ ತಮ್ಮಂದಿರ ಮೇಲೆ ಬಿದ್ದು ಮಲಗಿದ್ದು, ಒಂಟಿ ಮಲಗಿ ಅಭ್ಯಾಸವೇ ಇಲ್ಲ. ಮೊದಮೊದಲು ಪಕ್ಕದಲ್ಲೇ ಇರಬೇಕು, ಆಮೇಲೆ ದಿನಕ್ಕೆ ಸ್ವಲ್ಪ ಸ್ವಲ್ಪ ದೂರ ಸರಿಯಬೇಕು. ಹಗಲು ಊಟ ಬೋನಿನಲ್ಲೇ, ಬಾಗಿಲು ತೆಗೆದಿಟ್ಟು. ತಪ್ಪು ಮಾಡಿದಾಗ ಶಿಕ್ಷೆ ಅಂತ ಅದರೊಳಗೆ ತಳ್ಳಲೇಬಾರದು. ಮಲಗುವ ಒಂದೆರಡು ಗಂಟೆ ಮೊದಲು ನೀರಿನ ಬಟ್ಟಲು ಎತ್ತಿಡುತ್ತೇನೆ. ಬೋನಿನ ಮೇಲೆ ಹಳೇ ಪಂಚೆ ಹೊದಿಸುತ್ತೇನೆ, ಕತ್ತಲಾಗಲಿ ಅಂತ. ಮಂಕರಿಯಲ್ಲಿ ಬಂದ ಗೋಣಿತಾಟನ್ನು ಒಗೆಯಲು ಹೊರಟಿದ್ದಳು ಹೆಂಡತಿ, ನಾನೇ ತಡೆದೆ. ಅದರಲ್ಲಿ ತಾಯಿಯ ವಾಸನೆ ಇದೆ. ಅದನ್ನೇ ಒಳಗೆ ಹಾಸಿದ್ದೇವೆ, ಮೂಗು ಅದರೊಳಗೆ ತೂರಿಸಿಕೊಂಡು ಮಲಗುತ್ತದೆ.

ರಾತ್ರಿ ಎದ್ದಾಗ ಕಟ್ಟುನಿಟ್ಟು ಇದೆ. ಲೈಟು ಹಾಕುವ ಹಾಗಿಲ್ಲ, ಮಾತಾಡುವ ಹಾಗಿಲ್ಲ, ಮುದ್ದು ಮಾಡುವ ಹಾಗಿಲ್ಲ. ಎತ್ತಿಕೊಂಡು ಹಿತ್ತಿಲಿಗೆ ಹೋಗುವುದು, ಕರಿಬೇವಿನ ಗಿಡದ ಪಕ್ಕ ಬಿಡುವುದು, ಕೆಲಸ ಆದ ಮೇಲೆ ವಾಪಸ್. ಇಲ್ಲದಿದ್ದರೆ ರಾತ್ರಿ ಎರಡು ಗಂಟೆ ಅಂದರೆ ಆಟದ ಹೊತ್ತು ಅಂದುಕೊಳ್ಳುತ್ತದೆ. ಅಳುವಿನಲ್ಲೂ ಎರಡು ಥರ. ಮಲಗಿಸಿದ ಕೂಡಲೇ ಬರುವುದು ಸುಮ್ನೆ ಅಳು, ಬೆರಳನ್ನು ಸರಳಿನ ಮಧ್ಯೆ ಇಟ್ಟರೆ ನೆಕ್ಕಿ ನೆಕ್ಕಿ ನಿದ್ದೆ ಹೋಗುತ್ತದೆ. ನಡುರಾತ್ರಿ ತಟ್ಟನೆ ಎದ್ದು ಗಿರಕಿ ಹೊಡೆಯುತ್ತಾ ಕುಂಯ್‌ಗುಟ್ಟುವುದು ಒಂದಕ್ಕೆ ಬಂದ ಅಳು, ಅದಕ್ಕೆ ಕಾಯುವಂತಿಲ್ಲ, ಕಾದರೆ ನನ್ನ ಲುಂಗಿಗೆ.

ಈ ಗೋಣಿತಾಟಿನ ವಿಷಯಕ್ಕೇ ನೀನು ನೆನಪಾದೆ ನೋಡು.

1992ರ ಜೂನ್. ಎಂಟನೇ ಕ್ಲಾಸು, ನಮ್ಮ ಹಾಸ್ಟೆಲು. ಉದ್ದನೆಯ ಹಾಲ್, ಸಾಲು ಚಾಪೆ, ತಲೆದೆಸೆಗೆ ಟ್ರಂಕು. ನಿನ್ನ ಚಾಪೆ ನನ್ನ ಚಾಪೆಗೆ ಅಂಟಿಕೊಂಡೇ ಇತ್ತು. ನೀನು ನಿಮ್ಮಮ್ಮನ ಹಳೇ ಸೀರೆ ಮಡಿಸಿ ಹೊದಿಕೆ ಮಾಡಿಕೊಂಡು ಬಂದಿದ್ದೆ. ಮೊದಲ ರಾತ್ರಿ ಅದನ್ನು ಬಾಯಿಗೆ ತುರುಕಿಕೊಂಡು ಅತ್ತೆ. ನಾನು ಎಚ್ಚರವಾಗಿದ್ದೆ ಕಣೋ. ಇಷ್ಟು ವರ್ಷ ನಿನಗೆ ಹೇಳಿಲ್ಲ. ಕೈ ಚಾಚಿದ್ದರೆ ನಿನ್ನ ಬೆನ್ನು ಸಿಗುತ್ತಿತ್ತು. ಗೊರಕೆ ಹೊಡೆದ ಹಾಗೆ ನಟಿಸಿದೆ. ಯಾಕೆ ಅಂದರೆ ನಿನ್ನನ್ನು ಮುಟ್ಟಿದ್ದರೆ ನಾನೂ ಶುರು ಮಾಡುತ್ತಿದ್ದೆ. ಬೆಳಿಗ್ಗೆ ನಲ್ಲಿ ಹತ್ತಿರ ಎಲ್ಲರೂ ಹಲ್ಲುಜ್ಜುವಾಗ ನಿನಗೊಂದು ಹೆಸರು ಬಿತ್ತಲ್ಲ, ಎಸ್ಸೆಸ್ಸೆಲ್ಸಿ ತನಕ ಬಿಡದೇ ಇದ್ದದ್ದು? ಅದು ಆ ಮಧುಗಿರಿ ಗ್ಯಾಂಗ್ ಇಟ್ಟದ್ದು ಅಂತ ನೀನು ಇವತ್ತಿಗೂ ಅವರನ್ನು ಬೈಯುತ್ತೀಯ. ಅವರಲ್ಲ. ನಾನು.

ಇಷ್ಟು ಹೇಳಿ ನಿಲ್ಲಿಸಬೇಕು ಅಂತಿತ್ತು. ಆದರೆ ನಿದ್ದೆಗೆಟ್ಟವನ ಕೈಗೆ ಫೋನು ಕೊಟ್ಟರೆ ಹೀಗೇ.

ಮಗನನ್ನು ಜೂನ್‌ನಲ್ಲಿ ಬಿಟ್ಟುಬಂದೆವಲ್ಲ, ಪಿಯುಸಿಗೆ, ದೂರದ ಹಾಸ್ಟೆಲು. ಅಲ್ಲಿಯೂ ಅದನ್ನೇ ಹೇಳಿದ್ದರು: ಒಂದು ತಿಂಗಳು ಬರಬೇಡಿ, ನೋಡಿದರೆ ಮತ್ತೆ ಅಳು ಶುರುವಾಗುತ್ತೆ. ಭಾನುವಾರಕ್ಕೊಮ್ಮೆ ಹತ್ತು ನಿಮಿಷ ಫೋನು. ಎರಡನೇ ಭಾನುವಾರ ಅವನು "ಅಪ್ಪಾ, ಒಂದ್ಸಲ ಬಂದು ಹೋಗ್ತೀಯಾ, ಸುಮ್ನೆ" ಅಂದ. ನಾನು "ನಾಲ್ಕು ದಿನ ಮಗನೇ, ಸರಿಹೋಗುತ್ತೆ" ಅಂದೆ. ಅವನು ಏನೂ ಹೇಳಲಿಲ್ಲ, ಮೂಗು ಎಳೆದುಕೊಂಡ ಸದ್ದು ಬಂತು. ಗೇಟಿನ ಹತ್ತಿರ ಯಾರೋ ಬಂದಿದ್ದಾರೆ, ಇಡ್ತೀನಿ ಅಂದುಬಿಟ್ಟೆ. ಇನ್ನೂ ಆರು ನಿಮಿಷ ಇತ್ತು. ಗೇಟಿನ ಹತ್ತಿರ ಯಾರೂ ಇರಲಿಲ್ಲ.

ಆಮೇಲೆ ಅವನು ಕೇಳಲಿಲ್ಲ. "ಸೆಟ್ ಆಗಿಬಿಟ್ಟ" ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದೆ, ನಿನಗೂ ಹೇಳಿದ್ದೆ. ಡಾಕ್ಟ್ರಮ್ಮ ಸೂಜಿ ಹಿಡಿದು ಆ ಮಾತು ಹೇಳಿದ ಮೇಲೆ ಆ ಪದ ಬಳಸಿಲ್ಲ.

ಮೊನ್ನೆ ಭಾನುವಾರ ಕೊಬ್ಬರಿಯ ಪುರಾಣವನ್ನೆಲ್ಲ ಅವನಿಗೆ ಹೇಳುತ್ತಿದ್ದೆ. ಖುಷಿಯಾಗಿ ಕೇಳುತ್ತಿದ್ದ. "ರಾತ್ರಿ ಅಳುತ್ತಾ?" ಅಂದ. ಅಳುತ್ತೆ ಅಂದೆ. "ಆಗ ಏನು ಮಾಡ್ತೀರಾ?" ಅಂದ. ನಾನು ದೊಡ್ಡ ಸಾಧನೆಯ ಹಾಗೆ, "ಪಕ್ಕದಲ್ಲೇ ಚಾಪೆ ಹಾಕ್ಕೊಂಡು ಮಲಗ್ತೀನಿ" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಹಿಂದೆ ಯಾವುದೋ ಬಕೆಟ್ಟಿನ ಸದ್ದು. ಆಮೇಲೆ "ಓ, ಒಳ್ಳೇದು" ಅಂದ. ಬೇಜಾರಿನಿಂದ ಅಂದನೋ, ಬರೀ ಅಂದನೋ ಗೊತ್ತಾಗಲಿಲ್ಲ. ಅವತ್ತು ಫೋನು ಇಟ್ಟವನು ಅವನು. ಟೈಮು ಇನ್ನೂ ಇತ್ತು.

ಥೂ, ನಾಯಿ ವಿಷಯ ಬರೆಯಲು ಕೂತವನು ಎಲ್ಲಿಗೋ ಹೋದೆ. ಅಳಿಸೋಣ ಅಂದರೆ ಒಂದೇ ಬೆರಳಲ್ಲಿ ಟೈಪ್ ಮಾಡಿದ್ದು, ಹೊಟ್ಟೆ ಉರಿಯುತ್ತೆ. ಓದಿದವರು ನನ್ನನ್ನು ಸಂತ ಮಾಡಬೇಡಿ, ಹಾಗೆಯೇ ನನ್ನ ಹೆಂಡತಿಯನ್ನು ಒಂದು ಮಾತು ಕೇಳಲೂ ಬೇಡಿ. ಮಗ ಕೂಸಾಗಿದ್ದಾಗ ರಾತ್ರಿ ಒಂದು ಸಲವೂ ಎದ್ದವನಲ್ಲ, ಈಗ ನಾಯಿಗೆ ಅಲಾರಂ ಇಡುತ್ತಾನೆ ಅಂತ ಅವಳು ಬೀದಿಗೆಲ್ಲ ಹೇಳಿಯಾಗಿದೆ. ನನ್ನ ಸೊಂಟ ಹಿಡಿದಿದೆ. ಶಿಸ್ತು ಶಿಸ್ತು ಅಂತ ನಾನು ಸಾಯುತ್ತಿದ್ದರೆ ಅಮ್ಮ ಬೆಳಗಿನ ಜಾವ ಎದ್ದು ಸರಳಿನ ಮಧ್ಯೆ ದೋಸೆ ಚೂರು ತೂರಿಸುತ್ತಾಳೆ, ಕೇಳಿದರೆ "ನಾನೆಲ್ಲಿ, ಇಲಿ ಇರಬೇಕು" ಅನ್ನುತ್ತಾಳೆ. ಮಡಿಯ ಮಾತು ಎರಡು ದಿನದಿಂದ ಕೇಳಿಸಿಲ್ಲ.

ಈಗ ಪತ್ರದ ನಿಜವಾದ ವಿಷಯ. ಈ ಶನಿವಾರ ನಾವಿಬ್ಬರೂ ಮಗನನ್ನು ನೋಡಲು ಹೋಗುತ್ತಿದ್ದೇವೆ, ಭಾನುವಾರ ಸಂಜೆ ವಾಪಸ್. ಅವನಿಗೆ ಹೇಳಿಲ್ಲ. ಹೇಳಿದರೆ ಟೆಸ್ಟ್ ಇದೆ, ಬರಬೇಡಿ ಅಂದುಬಿಟ್ಟಾನು ಅಂತ ಭಯ. ಕೊಬ್ಬರಿಯನ್ನು ಅಮ್ಮನ ಕೈಗೆ ಕೊಟ್ಟುಹೋದರೆ ಬರುವಷ್ಟರಲ್ಲಿ ಅದು ಮಂಚದ ಮೇಲಿರುತ್ತದೆ. ನೀನು ಅರಸೀಕೆರೆಯಲ್ಲಿ ರೈಲು ಹತ್ತಿದರೆ ತಿಪಟೂರು, ಗುಬ್ಬಿ, ತುಮಕೂರು, ಇಳಿದುಬಿಡು. ಒಂದು ರಾತ್ರಿ. ಹನ್ನೊಂದು, ಎರಡು, ಐದು, ಲೆಕ್ಕ ನೆನಪಿಟ್ಟುಕೋ. ಕರಿಬೇವಿನ ಗಿಡದ ಪಕ್ಕ. ಚಾಪೆ ಹಾಸಿಟ್ಟಿರುತ್ತೇನೆ, ಹೊದಿಯಲು ಅಮ್ಮನ ಹಳೇ ಸೀರೆಯೂ ಇದೆ. ಬೈಯಬೇಡ, ಬೈಯುವುದಾದರೆ ಬಂದು ಬೈಯಿ.

ಏಳುತ್ತಿದೆ, ಗಿರಕಿ ಶುರುವಾಯಿತು. ಲುಂಗಿ ಉಳಿಸಿಕೊಳ್ಳಬೇಕು.

ನಿನ್ನವ,
ಪಕ್ಕದ ಚಾಪೆ

ಮರೆತಿದ್ದೆ: ಆ ಟಾರ್ಚು ಕದ್ದದ್ದು ಮಾತ್ರ ನಾನಲ್ಲ. ಇಷ್ಟು ಜನರ ಮುಂದೆ ಹೇಳುತ್ತಿದ್ದೇನೆ.